ಇಂಗು, ತೆಂಗು, ಮಂಗ ಮತ್ತು ಮಂಚೂರಿ

ಗೋಧಿ ಎಲ್ಲಿಂದ ನುಗ್ಗುತ್ತಿದೆ ಎಂಬ ಒಂದೇ ಚಿಂತೆ ಸಂಯುಕ್ತಾಳ ತಲೆಯೊಳಗೆ ಮಿಕ್ಸಿಯ ಹಾಗೆ ತಿರುಗುತ್ತಿತ್ತು. ಡೊಂಬಿವ್ಲಿ ಪೂರ್ವದ ಆ ಪುಟ್ಟ ಫ್ಲ್ಯಾಟಿನಿಂದ ಗೋಧಿಯನ್ನು ಗಡೀಪಾರು ಮಾಡಿ ವರ್ಷದ ಮೇಲಾಗಿತ್ತು. ಚಪಾತಿಯ ಮಣೆ, ಲಟ್ಟಣಿಗೆ ಕೆಲಸದವಳ ಮನೆ ಸೇರಿದ್ದವು. ರವೆ, ಮೈದಾ, ಬಿಸ್ಕತ್ತು, ಬ್ರೆಡ್ಡು ಒಂದೊಂದಾಗಿ ಹೊಸ್ತಿಲು ದಾಟಿದ್ದವು. ಗಂಡ ರಂಜನ್‌ಗೆ ಚಪಾತಿಯ ಆಸೆಯಾದರೆ ಆಫೀಸಿನ ಕ್ಯಾಂಟೀನಿನಲ್ಲಿ, ಹೆಂಡತಿಗೆ ತಿಳಿಯದಂತೆ ಸಿಗರೇಟು ಸೇದುವವನ ಹಾಗೆ ತಿಂದು, ಬಾಯಿ ಮುಕ್ಕಳಿಸಿ, ಶರ್ಟು ಕೊಡವಿಕೊಂಡು ಬರಬೇಕಿತ್ತು. ಇಷ್ಟಾದರೂ ಆರು ವರ್ಷದ ದಿಶಾಳ ಹೊಟ್ಟೆ ಉಬ್ಬುವುದು ನಿಂತಿರಲಿಲ್ಲ. ಕೈಕಾಲು ಮಾತ್ರ ಕಡ್ಡಿಯ ಹಾಗೆಯೇ ಇದ್ದವು.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿಯೊಳಗಿನ ಗ್ಲುಟನ್ ಎಂಬ ಅಂಟು ಮಗುವಿನ ಕರುಳಿಗೆ ಆಗದು, ಜನ್ಮದಲ್ಲಿ ಒಂದು ಚೂರೂ ಒಳಗೆ ಹೋಗಬಾರದು ಎಂದು ಥಾಣೆಯ ಡಾಕ್ಟರು ಮೊದಲೇ ಹೇಳಿದ್ದರು. ಈ ಸಲ ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಕನ್ನಡಕ ತೆಗೆದರೆ ಸಂಯುಕ್ತಾಳಿಗೆ ಅರ್ಧ ಜೀವ ಹೋಗುತ್ತಿತ್ತು. ಮರಾಠಿ, ಇಂಗ್ಲಿಷು ಬೆರೆಸಿ ಅವರು ಹೇಳಿದ್ದರ ಸಾರಾಂಶ ಇಷ್ಟು: ಗೋಧಿ ಎಲ್ಲೋ ಹೊಟ್ಟೆಗೆ ಹೋಗುತ್ತಿದೆ, ಪತ್ತೆ ಹಚ್ಚಿ. ಮುಂದಿನ ಟೆಸ್ಟಿನಲ್ಲೂ ಇಳಿಯದಿದ್ದರೆ ಮಗುವಿಗೆ ಇನ್ನೊಮ್ಮೆ ಅರಿವಳಿಕೆ ಕೊಟ್ಟು, ಗಂಟಲಲ್ಲಿ ನಳಿಗೆ ಇಳಿಸಿ ನೋಡಬೇಕಾಗುತ್ತದೆ.

ಮೊದಲ ಸಲ ನಳಿಗೆ ಇಳಿಸಿದಾಗ ಎಚ್ಚರವಾದ ದಿಶಾ ಕೇಳಿದ್ದು ಒಂದೇ ಮಾತು. "ಮಮ್ಮಾ, ಅಬ್ ಮೈ ಪಾವ್ ಖಾ ಸಕ್ತೀ ಹ್ಞೂಂ?" ಇನ್ನು ಪಾವ್ ತಿನ್ನಬಹುದಾ ಎಂಬ ಆ ಮಾತು ನೆನಪಾದಾಗಲೆಲ್ಲ ಸಂಯುಕ್ತಾ ಅಡುಗೆಮನೆಗೆ ಹೋಗಿ ಏನಾದರೊಂದು ಡಬ್ಬಿಯನ್ನು ಸುಮ್ಮನೆ ತೊಳೆಯುತ್ತಿದ್ದಳು.

ಚಿಂತೆ ಮಾಡುವುದರಲ್ಲಿ ಅವಳದು ಎಳೆತನದಿಂದ ಬಂದ ಕೈಚಳಕ. ಮೈಸೂರಿನ ಸರಸ್ವತೀಪುರಂನಲ್ಲಿ ಹುಟ್ಟಿ, ಕಾನ್ವೆಂಟಿನಲ್ಲಿ ಓದಿ, ಪರೀಕ್ಷೆಯಲ್ಲಿ ಎಲ್ಲಕ್ಕೂ ಉತ್ತರ ಬರೆದು ಬಂದ ಮೇಲೂ ರಿಜಿಸ್ಟರ್ ನಂಬರು ಬರೆದೆನೋ ಇಲ್ಲವೋ ಎಂದು ಅತ್ತವಳು. ಉಡುಪಿ ಕಡೆಯ ರಂಜನ್‌ನನ್ನು ಮೆಚ್ಚಿ ಮದುವೆಯಾಗಿ ಇಲ್ಲಿಗೆ ಬಂದು, ಲೋಕಲ್ ಟ್ರೇನಿಗೆ ಹತ್ತುವುದನ್ನು ಕಲಿತು, ಥಾಣೆಯ ಬ್ಯಾಂಕೊಂದರಲ್ಲಿ ಕೆಲಸಕ್ಕೂ ಸೇರಿದ್ದಳು. ಮಗಳ ಕಾಯಿಲೆ ಗೊತ್ತಾದ ಮೇಲೆ ಕೆಲಸ ಬಿಟ್ಟಳು. ಅಲ್ಲಿ ಬ್ಯಾಂಕಿನ ಲೆಕ್ಕ ತಾಳೆ ನೋಡುತ್ತಿದ್ದ ಕಣ್ಣು ಈಗ ಪೊಟ್ಟಣಗಳ ಬೆನ್ನು ಓದತೊಡಗಿತು. ಚಿಪ್ಸು, ಜಾಮು, ಕೆಮ್ಮಿನ ಸಿರಪ್ಪು, ಕೊನೆಗೆ ಟೂತ್‌ಪೇಸ್ಟು. ಓದದೆ ಒಂದು ವಸ್ತುವೂ ಒಳಗೆ ಬರುವಂತಿರಲಿಲ್ಲ.

ಓದುವ ಅಗತ್ಯವಿಲ್ಲದ್ದು ಮನೆಯಲ್ಲಿ ಎರಡೇ. ಒಂದು ಅತ್ತೆ ತರುತ್ತಿದ್ದ ತೆಂಗಿನಕಾಯಿ. ಇನ್ನೊಂದು ಅಮ್ಮ ಅಲಮೇಲು ಮೈಸೂರಿನಿಂದ ಕಳಿಸುತ್ತಿದ್ದ ಇಂಗು. ಈರುಳ್ಳಿ, ಬೆಳ್ಳುಳ್ಳಿ ಒಳಗೆ ಬರದ ತವರಿನಲ್ಲಿ ಇಂಗಿಗೆ ದೇವರ ನಂತರದ ಸ್ಥಾನ. ಪುಳಿಯೋಗರೆಯ ದಿನ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಅಲಮೇಲು ತಮ್ಮ ಅಜ್ಜಿಯ ಕಾಲದ ಅಂಗಡಿಯಿಂದ ಗಟ್ಟಿ ಇಂಗು ತಂದು, ಕುಟ್ಟಿ, ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಕಳಿಸುವಾಗ ಪ್ರತಿ ಸಲವೂ ಗಾದೆ ಹೇಳುತ್ತಿದ್ದರು: "ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡುತ್ತೆ ಕಣೇ." ಮಗಳ ಅಡುಗೆಯ ಬಗ್ಗೆ ಅವರಿಗಿದ್ದ ಅಭಿಪ್ರಾಯ ಅದರಲ್ಲೇ ಬಂತು.

ಹಾಗೆ ತವರಿನ ಇಂಗು, ಅತ್ತೆಮನೆಯ ತೆಂಗು ಎರಡನ್ನೂ ಇಟ್ಟುಕೊಂಡು ಸಂಯುಕ್ತಾ ಹೊರಟಿದ್ದು ಚೈನೀಸ್ ಗಾಡಿಯ ವಿರುದ್ಧ ಯುದ್ಧಕ್ಕೆ.

ಗಾಡಿ ಹೌಸಿಂಗ್ ಸೊಸೈಟಿಯ ಗೇಟಿನೆದುರೇ ನಿಲ್ಲುತ್ತಿತ್ತು. ಸಂಜೆಯಾದರೆ ಕೆಂಪು ಬಲ್ಬು, ಕಬ್ಬಿಣದ ಬಾಣಲೆಯ ಟಣಟಣ, ಅದರ ಹಿಂದೆ ಮೂರು ಮಹಡಿ ಹತ್ತಿ ಬರುವ ವಾಸನೆ. ಕಟ್ಟಡದ ಮಕ್ಕಳೆಲ್ಲ ನೂಡಲ್ಸು, ಮಂಚೂರಿ ತಿನ್ನುವಾಗ ದಿಶಾ ಕಿಟಕಿಯ ಸರಳಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಸಂಯುಕ್ತಾ ಆಣೆ ಮಾಡಿದಳು: ಗಾಡಿಯಲ್ಲಿ, ಪಾರ್ಸೆಲ್ಲಿನಲ್ಲಿ, ಮಾಲಿನಲ್ಲಿ ಸಿಗುವುದೆಲ್ಲ ಈ ಮನೆಯಲ್ಲೂ ಸಿಗಬೇಕು. ಗೋಧಿಯಿಲ್ಲದೆ, ಅಜಿನೊಮೊಟೊ ಇಲ್ಲದೆ, ಆ ಕೆಂಪು ಬಣ್ಣವಿಲ್ಲದೆ. ರುಚಿಯೂ ಇಲ್ಲದೆ ಎಂದು ರಂಜನ್ ಸೇರಿಸಿದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ಫೇಸ್‌ಬುಕ್ಕಿನಲ್ಲಿ ಇಂಥ ಮಕ್ಕಳ ತಾಯಂದಿರ ಗುಂಪೊಂದಿತ್ತು. ಅಲ್ಲಿ ದಿಲ್ಲಿಯವರು ಬಾದಾಮಿ ಹಿಟ್ಟಿನ ಬನ್ನು ಹಾಕಿದರೆ ನ್ಯೂಜೆರ್ಸಿಯವರು ಹೆಸರು ಹೇಳಲೂ ಬಾರದ ಯಾವುದೋ ಗೋಂದು ಹಾಕಿದ ಕೇಕಿನ ಫೋಟೋ ಹಾಕುತ್ತಿದ್ದರು. ಸಂಯುಕ್ತಾ ರಾಗಿ ಪಾವ್ ಮಾಡಿದಳು. ಅದು ಎಷ್ಟು ಗಟ್ಟಿಯಾಯಿತೆಂದರೆ ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಲ್ಕನಿಯ ಬಾಗಿಲಿಗೆ ರಂಜನ್ ಅದನ್ನೇ ಒತ್ತಿಟ್ಟ. ಬಾಗಿಲು ಅಲ್ಲಾಡಲಿಲ್ಲ. ಅಕ್ಕಿಹಿಟ್ಟಿನ ಮೋಮೋ ಹಬೆಯಲ್ಲೇ ಬಾಯಿ ಬಿಟ್ಟು ಹೂರಣವನ್ನು ನೀರಿಗೆ ಒಪ್ಪಿಸಿತು. ಜೋಳದ ರೊಟ್ಟಿಯ ಮೇಲೆ ಚೀಸು ಸುರಿದು ಪಿಜ್ಜಾ ಎಂದು ಕರೆದರೆ ದಿಶಾ ಅಂಚನ್ನು ಎತ್ತಿ ನೋಡಿ, "ಮಮ್ಮಾ, ಯೆ ಪಿಜ್ಜಾ ನಹೀ ಹೈ. ಭಾಕರಿ ಹೈ, ಊಪರ್ ಸೆ ಡ್ರೆಸ್ ಪೆಹನಾ ಹೈ," ಎಂದು, ಅದು ಡ್ರೆಸ್ಸು ತೊಟ್ಟ ರೊಟ್ಟಿ ಎಂಬ ತೀರ್ಪು ಕೊಟ್ಟಳು.

ಮಂಚೂರಿ ಮಾತ್ರ ಗೆದ್ದಿತು. ಎಲೆಕೋಸಿನ ಉಂಡೆಯನ್ನು ಎಣ್ಣೆಯಲ್ಲಿ ಮುಳುಗಿಸದೆ, ಪಡ್ಡಿನ ಕಾವಲಿಯಲ್ಲಿ ಹೊರಳಿಸಿ ಬೇಯಿಸಿದಳು. ಸೋಯಾ ಸಾಸಿನ ಬಾಟಲಿಯ ಬೆನ್ನಿನಲ್ಲಿ ಗೋಧಿ ಎಂದು ಓದಿದ ದಿನವೇ ಅದನ್ನು ಓಡಿಸಿದ್ದಳಾದ್ದರಿಂದ ಹುಣಸೆರಸ, ಬೆಲ್ಲ, ಮೆಣಸು ಕುದಿಸಿ ಕಪ್ಪು ಸಾಸು ತಾನೇ ಮಾಡಿದಳು. ಎಲೆಕೋಸು ವಾಯು ಎಂದು ಮೇಲಿಷ್ಟು ಇಂಗು. ಅವಳ ಕೈ ಇಂಗಿಗೆ ತಾನಾಗಿ ಹೋಗುತ್ತಿತ್ತು. ನೂಡಲ್ಸಿಗೆ ಚಿಟಿಕೆ, ಭಾಕರಿ ಪಿಜ್ಜಾದ ಸಾಸಿಗೆ ಚಿಟಿಕೆ, ಪಾವ್‌ಭಾಜಿಯ ಭಾಜಿಗೆ ಎರಡು ಚಿಟಿಕೆ.

"ಮಂಚೂರಿಯನ್ ಮೇ ಸೆ ರಸಮ್ ಕಾ ಸ್ಮೆಲ್ ಆ ರಹಾ ಹೈ," ಎಂದಳು ದಿಶಾ.

"ಮೈಸೂರು ಮಂಚೂರಿ ಮಗಳೇ," ಎಂದ ರಂಜನ್. "ಚೀನಾದವರು ದಸರಾ ನೋಡ್ಲಿಕ್ಕೆ ಬಂದಾಗ ಕಲಿತುಕೊಂಡು ಹೋದದ್ದು."

ನೂಡಲ್ಸಿನ ಕೀರ್ತಿ ಅತ್ತೆ ಸ್ವರ್ಣಲತಾ ಅವರದು. ಅವರೂ ಮಾವ ವಸಂತಕುಮಾರರೂ ಕೋಪರಖೈರಣೆಯಲ್ಲಿದ್ದರು. ಮಾವ ನೌಪಾಡಾದ ಉಡುಪಿ ಹೋಟೆಲೊಂದರ ಗಲ್ಲಾದ ಹಿಂದೆ ಆಯುಷ್ಯ ಕಳೆದು ಈಗ ಪೇಪರಿನ ಹಿಂದೆ ಕೂತವರು. ಅತ್ತೆ ಗುರುವಾರ ಗುರುವಾರ ಥಾಣೆಯಲ್ಲಿ ಟ್ರೇನು ಬದಲಿಸಿ, ಚೀಲದಲ್ಲಿ ತೆಂಗಿನಕಾಯಿ ಹೊತ್ತು ಬರುತ್ತಿದ್ದರು. ಮೊದಲ ಬಾರಿ ರೋಗದ ಕಥೆ ಕೇಳಿದಾಗ ಅವರು, "ಎಂತದು ಅದು ಗುಲ್ತಾನ? ಸುಲ್ತಾನನ ತಮ್ಮನಾ?" ಎಂದಿದ್ದರು. ಅಂದಿನಿಂದ ಗ್ಲುಟನ್‌ಗೆ ಆ ಮನೆಯಲ್ಲಿ ಗುಲ್ತಾನ ಎಂದೇ ಹೆಸರು. ಊರಿನಿಂದ ತಂದ ಸೇಮಿಗೆ ಮಣೆಯನ್ನು ಅವರು ಡೊಂಬಿವ್ಲಿಯಲ್ಲೇ ಬಿಟ್ಟಿದ್ದರು. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಯಿರುವಾಗಲೇ ಅದರಲ್ಲಿಟ್ಟು ಒತ್ತಬೇಕು. ಒಬ್ಬರು ತಿರುಪು ತಿರುಗಿಸಿದರೆ ಇನ್ನೊಬ್ಬರು ಮಣೆ ಹಿಡಿಯಲೇಬೇಕು; ಅದು ಒಂಟಿ ಕೈಗೆ ಬಗ್ಗುವ ಸಾಮಾನಲ್ಲ. ಅತ್ತೆ ತಿರುಗಿಸುವರು, ಸೊಸೆ ಹಿಡಿಯುವಳು. ಎಳೆ ಎಳೆಯಾಗಿ ಇಳಿದ ಸೇಮಿಗೆಗೆ ಕ್ಯಾಪ್ಸಿಕಮ್ಮು, ಕ್ಯಾರೆಟ್ಟು ಬಿದ್ದು ಅದು ಹಕ್ಕಾ ಸೇಮಿಗೆಯಾಗುತ್ತಿತ್ತು. ದಿಶಾ ಫೋರ್ಕಿನಲ್ಲಿ ಸುತ್ತಿ ಸುತ್ತಿ ತಿನ್ನುತ್ತಿದ್ದಳು. ಆ ಗುರುವಾರಗಳಲ್ಲಿ ಕಿಟಕಿಯ ಹತ್ತಿರ ಯಾರೂ ನಿಲ್ಲುತ್ತಿರಲಿಲ್ಲ.

ಇದಕ್ಕೆಲ್ಲ ಕಲ್ಲು ಬಿದ್ದದ್ದು ಚೌತಿಗೆ. ಹಬ್ಬಕ್ಕೆ ಎಲ್ಲರೂ ಕೋಪರಖೈರಣೆಗೆ ಹೋದರು. ಸಂಯುಕ್ತಾ ಯಾರನ್ನೂ ನಂಬದೆ ಮಗಳ ಊಟವನ್ನು ತಾನೇ ಕಟ್ಟಿಕೊಂಡು ಹೋದಳು: ಅಮ್ಮ ಕಳಿಸಿದ ಗೊಜ್ಜಿನ ಪುಳಿಯೋಗರೆ, ಎರಡು ದಿನಕ್ಕಾಗುವಷ್ಟು. ಹಬ್ಬದ ಮರುದಿನ ರಾತ್ರಿಯೇ ದಿಶಾಳ ಹೊಟ್ಟೆ ಡೋಲಾಯಿತು. ಬಾತ್‌ರೂಮಿನ ಹೊರಗೆ ಕೂತು ತಾಯಿ ಪತ್ತೇದಾರಿ ಶುರು ಮಾಡಿದಳು.

"ಏನೇನು ತಿಂದೆ ಹೇಳು ಪುಟ್ಟಾ."

"ತುಮ್ಹಾರಾ ರೈಸ್. ಔರ್ ಅಜ್ಜೀ ಕಾ ಗೋಳಿಬಜೆ."

ಗೋಳಿಬಜೆಯೆಂದರೆ ಮೈದಾ. ಮಂಗಳೂರು, ಉಡುಪಿಯ ಯಾವ ಹೋಟೆಲಿಗೆ ಹೋಗಿ ಕೇಳಿದರೂ ಮೈದಾ, ಮೊಸರು, ಎಣ್ಣೆ. ಸಂಯುಕ್ತಾ ನೇರ ಅಡುಗೆಮನೆಗೆ ನಡೆದಳು.

"ಅತ್ತೆ, ಮಗೂಗೆ ಗೋಳಿಬಜೆ ಕೊಟ್ರಾ?"

"ಕೊಟ್ಟೆ. ಅದರಲ್ಲಿ ಮೈದಾ ಇಲ್ಲ ಮಾರಾಯ್ತಿ. ಉದ್ದು, ಅಕ್ಕಿಹಿಟ್ಟು ಹಾಕಿ ಅವಳಿಗೋಸ್ಕರ ಬೇರೆ ಮಾಡಿದ್ದು."

"ಮೈದಾ ಇಲ್ದೆ ಅಷ್ಟು ಮೆತ್ತಗೆ ಉಬ್ಬುತ್ತಾ ಅತ್ತೆ? ಸುಳ್ಳು ಯಾಕೆ ಹೇಳ್ತೀರಿ? ಅವಳಿಗೆ ಮತ್ತೆ ಟ್ಯೂಬ್ ಹಾಕ್ಬೇಕು ಅಂತ ಇದೀರಾ?"

ಸ್ವರ್ಣಲತಾ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟರು. "ಮಗುವಿಗೆ ವಿಷ ಹಾಕಿದವಳ ಹತ್ರ ಮಾತಾಡಿದ ಹಾಗೆ ಮಾತಾಡ್ತಿಯಲ್ಲ. ಆಯ್ತು. ಇನ್ನು ನಾನು ನಿಮ್ಮಲ್ಲಿಗೆ ಬರುದೂ ಇಲ್ಲ, ಅವಳಿಗೆ ಎಂತ ಕೊಡುದೂ ಇಲ್ಲ."

ಅವರು ಆಡಿದಂತೆ ನಡೆದರು. ಗುರುವಾರಗಳು ಬಂದವು, ಹೋದವು. ತೆಂಗಿನಕಾಯಿ ಬರಲಿಲ್ಲ. ಸೇಮಿಗೆ ಮಣೆ ಫ್ರಿಜ್ಜಿನ ಮೇಲೆ ಹೊಟ್ಟೆನೋವು ಬಂದವರ ಹಾಗೆ ಕೂತಿತು. ಒಂದು ಭಾನುವಾರ ರಂಜನ್ ಮಣೆ ಹಿಡಿಯಲು ಒಪ್ಪಿದ. ಅವನು ಹಿಡಿದಿದ್ದು ಎಷ್ಟು ಭದ್ರವಾಗಿತ್ತೆಂದರೆ ಅರ್ಧ ಸೇಮಿಗೆ ತಟ್ಟೆಗೂ ಅರ್ಧ ಗೋಡೆಗೂ ಇಳಿಯಿತು.

"ಅಮ್ಮನಿಗೆ ಒಂದು ಫೋನು ಮಾಡು," ಎಂದ ಅವನು, ಗೋಡೆ ಒರೆಸುತ್ತ.

"ನಾನು ಯಾಕೆ ಮಾಡ್ಲಿ? ತಪ್ಪು ಅವರದ್ದು."

ಹಾಗಂದಳೇ ಹೊರತು ಅವಳಿಗೇ ಪೂರಾ ನೆಮ್ಮದಿಯಿರಲಿಲ್ಲ. ಅತ್ತೆ ಬರುವುದು ನಿಂತು ಎರಡು ತಿಂಗಳಾದರೂ ಮಗಳ ಹೊಟ್ಟೆ ಮೊದಲಿನ ಹಾಗೆಯೇ ಇತ್ತು. ಕಳ್ಳನನ್ನು ಹೊರಗೆ ಹಾಕಿದ ಮೇಲೂ ಮನೆಯಲ್ಲಿ ಕಳುವಾಗುತ್ತಿದ್ದರೆ ಹೇಗೋ ಹಾಗೆ. ಹೊಟ್ಟೆ ಉಬ್ಬಿದಾಗಲೆಲ್ಲ ಅವಳು ತವರಿನ ಮದ್ದು ಮಾಡುತ್ತಿದ್ದಳು: ತಿಳಿಮಜ್ಜಿಗೆಗೆ ಉಪ್ಪು, ಒಂದು ಚಿಟಿಕೆ ಇಂಗು. ಕಡಿಮೆಯಾಗದಿದ್ದರೆ ಎರಡು ಚಿಟಿಕೆ. ದಿಶಾ ಮೂಗು ಹಿಡಿದು ಕುಡಿಯುತ್ತಿದ್ದಳು. ಕುಡಿದಷ್ಟೂ ಉಬ್ಬು, ಉಬ್ಬಿದಷ್ಟೂ ಮಜ್ಜಿಗೆ.

ಅಷ್ಟು ಮಜ್ಜಿಗೆಗೆ ಯಾವ ಹಾರ್ಲಿಕ್ಸ್ ಬಾಟಲಿ ತಾನೆ ತಾಳೀತು? ದೀಪಾವಳಿ ಕಳೆದ ಮೇಲೆ ಅದರ ತಳ ಕಂಡಿತು. ಮೈಸೂರಿನಿಂದ ಬರುವವರು ಯಾರೂ ಇರಲಿಲ್ಲ. ಹುಟ್ಟಿದಂದಿನಿಂದ ಮೊದಲ ಬಾರಿಗೆ ಸಂಯುಕ್ತಾ ಅಂಗಡಿಯಲ್ಲಿ ಇಂಗು ಕೇಳಿದಳು. ಸ್ಟೇಷನ್ನಿನ ಹತ್ತಿರದ ಅಂಗಡಿಯವನು ಹೆಬ್ಬೆರಳಿನಷ್ಟು ಗಾತ್ರದ ಡಬ್ಬಿಯೊಂದನ್ನು ಎದುರಿಗಿಟ್ಟ. ಚಿಲ್ಲರೆಗೆ ಕಾಯುತ್ತ ಅವಳ ಕೈ ಅಭ್ಯಾಸಬಲದಿಂದ ಡಬ್ಬಿಯನ್ನು ತಿರುಗಿಸಿತು. ಕಣ್ಣು ಅಭ್ಯಾಸಬಲದಿಂದ ಓದಿತು.

ಖಾದ್ಯ ಗೋಂದು, ಗೋಧಿ ಹಿಟ್ಟು, ಇಂಗು.

ಇಂಗಿನ ಡಬ್ಬಿಯಲ್ಲಿ ಇಂಗಿಗೆ ಮೂರನೆಯ ಬಹುಮಾನ. ಸಂಯುಕ್ತಾ ಇನ್ನೊಮ್ಮೆ ಓದಿದಳು. ಬೇರೆ ಕಂಪನಿಯ ಡಬ್ಬಿ ಕೇಳಿದಳು. ಅದರಲ್ಲಿ ಮೈದಾ. ಹಿಂದೆ ಕ್ಯೂ ಬೆಳೆದು, ಯಾರೋ ಹೆಂಗಸು "ಓ ತಾಯಿ, ಹಿಂಗ್ ಘೇತಾಯ್ ಕೀ ಸೋನಂ?" ಎಂದು ಗೊಣಗಿದಳು. ಕೊಳ್ಳುತ್ತಿರುವುದು ಇಂಗೋ ಚಿನ್ನವೋ ಎಂದು ಕೇಳಿದವಳನ್ನು ದಾಟಿಕೊಂಡು ಸಂಯುಕ್ತಾ ಹೊರಬಂದಳು. ಅಲ್ಲೇ ಫುಟ್‌ಪಾತಿನಲ್ಲಿ, ಪೇರಲೆ ಹಣ್ಣಿನ ಬುಟ್ಟಿಯ ಪಕ್ಕ ನಿಂತು ಮೈಸೂರಿಗೆ ಫೋನು ಹಚ್ಚಿದಳು.

"ಅಮ್ಮ, ನೀನು ಕಳಿಸೋ ಇಂಗಲ್ಲಿ ಏನಿರುತ್ತೆ?"

"ಇಂಗಲ್ಲಿ ಇಂಗಿರುತ್ತೆ ಕಣೇ. ಇನ್ನೇನು ಬೆಲ್ಲ ಇರುತ್ತಾ?"

"ಅಂಗಡಿಯವ್ರನ್ನ ಕೇಳಿ ಹೇಳು. ಇವತ್ತೇ."

ಸಂಜೆ ಅಲಮೇಲು ತಾವಾಗಿ ಫೋನು ಮಾಡಿದರು. ದನಿ ಸ್ವಲ್ಪ ಇಳಿದಿತ್ತು. "ಕೇಳ್ದೆ. ಬರೀ ಇಂಗು ಅಂಟಂಟಾಗಿ ವಿಪರೀತ ಘಾಟು ಇರುತ್ತಂತೆ, ಮೈದಾ ಸೇರ್ಸಿ ಕಟ್ಟದೆ ಮಾರೋಕೆ ಆಗಲ್ವಂತೆ. ನಮ್ಮಜ್ಜಿ ಕಾಲದ ಅಂಗಡಿ ನೋಡು. ಎಂಥ ಕಾಲ ಬಂತು."

"ಅಜ್ಜಿ ಕಾಲದಿಂದ್ಲೂ ಅದೇ ಇಂಗಮ್ಮ."

ಫೋನಿಟ್ಟು ಸಂಯುಕ್ತಾ ಅಡುಗೆಮನೆಯ ನೆಲದ ಮೇಲೆ ಕೂತಳು. ಸಾರಿನಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಮಂಚೂರಿ, ಮಜ್ಜಿಗೆ. ಮುಂಬಾಗಿಲಿನಲ್ಲಿ ಬ್ರೆಡ್ಡನ್ನು ತಡೆದು ನಿಲ್ಲಿಸಿ ಜಪ್ತಿ ಮಾಡುತ್ತಿದ್ದ ಪೊಲೀಸಿನವಳು, ಹಿತ್ತಲ ಬಾಗಿಲಿನಲ್ಲಿ ಕಳ್ಳನಿಗೆ ದಿನಾ ಆರತಿ ಎತ್ತಿ ಒಳಗೆ ಕರೆದುಕೊಂಡಿದ್ದಳು. ಅಷ್ಟು ಸಾಲದೆ, ಅವನು ಹೊಡೆದ ಗಾಯಕ್ಕೆ ಅವನನ್ನೇ ಅರೆದು ಹಚ್ಚಿದ್ದಳು.

ರಂಜನ್ ಬಂದಾಗ ಎಲ್ಲ ಪುಡಿಗಳೂ ಕಸದ ಚೀಲದಲ್ಲಿದ್ದವು. ಅವಳು ವಿಷಯ ಹೇಳಿದಳು. ಅವನು ನಗಲಿಲ್ಲ. ನಗದೆ ಇರಲು ಬಹಳ ಕಷ್ಟಪಟ್ಟ ಎನ್ನುವುದು ಅವನ ಕಿವಿಗಳಲ್ಲಿ ಕಂಡಿತು.

"ಈಗಾದ್ರೂ ಅಮ್ಮನಿಗೆ ಫೋನು ಮಾಡ್ತಿಯಾ?"

"ಟೆಸ್ಟ್ ಆಗ್ಲಿ. ಇಂಗೇ ಅಂತ ಖಾತ್ರಿಯಾಗ್ಲಿ."

ಅದು ನೆಪ ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತೆಯ ಗೋಳಿಬಜೆಯಲ್ಲೂ ಮೈದಾ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನಿಸಿ ಅವಳಿಗೆ ನಾಚಿಕೆಯಾಗುತ್ತಿತ್ತು. ಇಂಗಿಲ್ಲದ ಸಾರು ಬೆಳಗಾದ ಮೇಲೆ ಉರಿಯುವ ಬೀದಿದೀಪದ ಹಾಗಿತ್ತು. ಇದೆ, ಆದರೆ ಯಾಕಿದೆ ತಿಳಿಯದು. ಮಂಚೂರಿಗೆ ಮಾತ್ರ ನಷ್ಟವಾಗಲಿಲ್ಲ. ತವರಿನ ಕಟ್ಟಳೆ ಮೀರಿ ಅವಳು ಮೊದಲ ಸಲ ಬೆಳ್ಳುಳ್ಳಿ ಜಜ್ಜಿ ಹಾಕಿದಳು. ದಿಶಾ ತಟ್ಟೆ ನೆಕ್ಕಿ, "ಆಜ್ ರಿಯಲ್ ವಾಲಾ ಬನಾ ಹೈ," ಎಂದು ಸರ್ಟಿಫಿಕೇಟು ಕೊಟ್ಟಳು.

ಚಳಿ ಕಳೆಯುವ ಹೊತ್ತಿಗೆ ಮಗುವಿನ ಹೊಟ್ಟೆ ಇಳಿದು ಫ್ರಾಕಿನ ಗುಂಡಿ ಹಾಕಲು ಬಂತು. ಸಂಯುಕ್ತಾ ಅದನ್ನೂ ನಂಬಲಿಲ್ಲ; ಫ್ರಾಕೇ ಸಡಿಲವಾಗಿದ್ದೀತು ಎಂದಳು. ರಕ್ತ ಕೊಟ್ಟು ಬಂದ ಮೇಲೆ ಮೂರು ಡಬ್ಬಿ ತೊಳೆದಳು. ರಿಪೋರ್ಟು ಹಿಡಿದು ಡಾಕ್ಟರ ಎದುರು ಕೂತಾಗ ಅವಳು ನೋಡಿದ್ದು ಅವರ ಕನ್ನಡಕವನ್ನೇ. ಕನ್ನಡಕ ಮೂಗಿನ ಮೇಲೆಯೇ ಉಳಿಯಿತು. ಅಂಕಿ ಅರ್ಧಕ್ಕಿಂತ ಕೆಳಗಿಳಿದಿತ್ತು. ನಳಿಗೆ ಬೇಡ, ಹೀಗೇ ನಡೆಸಿ ಎಂದರು. ಏನು ಬಿಟ್ಟಿರಿ ಎಂದು ಕೇಳಿದರು. ಹಿಂಗ್ ಎಂದಳು. ಅವರು ಮರೆತುಹೋಗದಂತೆ ಅದನ್ನು ಬರೆದುಕೊಂಡರು.

ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಬಂದಾಗ ಒಂದು ಕಡೆ ಡೊಂಬಿವ್ಲಿಯ ಪ್ಲ್ಯಾಟ್‌ಫಾರ್ಮು, ಇನ್ನೊಂದು ಕಡೆ ಕೋಪರಖೈರಣೆಯದು. ದಿಶಾ ಅಮ್ಮನ ದುಪಟ್ಟಾ ಎಳೆದು, "ಅಜ್ಜೀ ಕೆ ಘರ್?" ಎಂದಳು. ಇನ್ನು ನೆಪ ಉಳಿದಿರಲಿಲ್ಲ. ಸಂಯುಕ್ತಾ ಜನ ನೂಕದಂತೆ ಕಂಬಿಗೆ ಒರಗಿ ನಿಂತು, ಮಗಳನ್ನು ಮುಂದೆ ಹಿಡಿದುಕೊಂಡು, ಫೋನು ತೆಗೆದಳು. ಎತ್ತಿದ್ದು ಮಾವ.

"ಯಾರು?"

"ನಾನು ಮಾವ, ಸಂಯುಕ್ತಾ."

"ಯಾವ ಸಂಯುಕ್ತಾ?"

"ಡೊಂಬಿವ್ಲಿ ಸಂಯುಕ್ತಾ."

"ಓ, ನಮ್ಮದೇ. ಪೇಪರಲ್ಲಿ ಬರ್ಲಿಲ್ಲ, ಹಾಗೆ ಬದುಕಿದ್ದಿ ಅಂತ ಲೆಕ್ಕ ಹಾಕಿದ್ದೆ." ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಕೇಳು. ಆ ಗೋಳಿಬಜೆ ಉಂಟಲ್ಲ, ಮೈದಾ ಇಲ್ಲದ್ದು. ಅದು ಸರಿಯಾಗ್ಲಿಕ್ಕೆ ನಿನ್ನ ಅತ್ತೆ ತಿಂಗಳಿಡೀ ಮಾಡಿ ಕೆಡಿಸಿದ್ದಾಳೆ. ಕೆಟ್ಟದ್ದನ್ನೆಲ್ಲ ತಿಂದದ್ದು ಯಾರು? ನನ್ನ ಹಲ್ಲಿನ ಸೆಟ್ಟಿಗೆ ಕೇಳು."

"ಯಾರ ಹತ್ರ ದೂರು ಹೇಳುದು ಅಲ್ಲಿ?" ಎಂದು ಹಿಂದಿನಿಂದ ಕೇಳಿಸಿತು. ಫೋನು ಕೈ ಬದಲಾಯಿತು. "ಹೇಳು."

ಮನಸ್ಸಿನಲ್ಲೇ ಅಷ್ಟು ಸಲ ಒಪ್ಪಿಸಿಕೊಂಡಿದ್ದ ವಾಕ್ಯಗಳನ್ನೆಲ್ಲ ಸಂಯುಕ್ತಾ ಬದಿಗಿಟ್ಟಳು.

"ಅತ್ತೆ, ಗುಲ್ತಾನ ಸಿಕ್ಕಿದ."

"ಎಲ್ಲಿದ್ದನಂತೆ?"

"ನಮ್ಮಮ್ಮನ ಇಂಗಲ್ಲಿ. ಇಂಗಿಗೆ ಮೈದಾ ಸೇರಿಸ್ತಾರಂತೆ. ನಿಮ್ಮ ಗೋಳಿಬಜೆಯಲ್ಲಿ ಅವನು ಇರ್ಲೇ ಇಲ್ಲ."

"ನನ್ನ ಗೋಳಿಬಜೆಯಲ್ಲಿ ಇಲ್ಲ ಅಂತ ನಂಗೆ ಆವತ್ತೇ ಗೊತ್ತುಂಟು. ಮಾಡಿದವಳು ನಾನಲ್ವಾ?" ಆ ಕಡೆ ಕುಕ್ಕರು ಒಂದು ಸೀಟಿ ಹೊಡೆಯಿತು. "ಮಗು ಹೇಗುಂಟು?"

"ಟ್ಯೂಬ್ ಬೇಡ ಅಂದ್ರು ಅತ್ತೆ. ರಿಪೋರ್ಟು ಇಳಿದಿದೆ."

ಸ್ವರ್ಣಲತಾ ಮೂಗು ಏರಿಸಿಕೊಂಡದ್ದು ಕೇಳಿಸಿತು. ಮತ್ತೆ ಮಾತಾಡಿದಾಗ ದನಿ ಎಂದಿನದೇ.

"ಹಾಗಾದ್ರೆ ಇಂಗು ತಿಂದದ್ದು ಮಗು. ಮಂಗ ಆದದ್ದು ಯಾರು?"

"ನಾನೇ ಅತ್ತೆ."

"ನಾನು ಹೇಳ್ಲಿಲ್ಲ, ನೀನೇ ಹೇಳಿದ್ದು."

"ಸೇಮಿಗೆ ಮಣೆ ಸುಮ್ನೆ ಕೂತಿದೆ ಅತ್ತೆ. ತಿರುಗಿಸೋರಿಲ್ಲ."

"ರಂಜನ್ ಇಲ್ವಾ?"

"ಅವರು ಕೈ ಹಾಕಿದ್ರೆ ಗೋಡೆ ತಿನ್ನುತ್ತೆ, ನಾವು ನೋಡ್ತೀವಿ."

"ಅವನದ್ದು ಅಪ್ಪನ ಕೈ." ಅತ್ತೆ ಫೋನಿನಿಂದ ಬಾಯಿ ಸರಿಸಿ ಮಾವನಿಗೆ ಏನೋ ಹೇಳಿದರು, ಮಾವ ಏನೋ ಗೊಣಗಿದರು. "ಇವತ್ತು ಬೆಳ್ತಿಗೆ ಅಕ್ಕಿ ನೆನೆ ಹಾಕು. ಗುರುವಾರದವರೆಗೆ ಕಾಯ್ಲಿಕ್ಕೆ ನಂಗೆ ಆಗುದಿಲ್ಲ, ನಾಳೆಯೇ ಬರ್ತೇನೆ. ಮನೆಯಲ್ಲಿ ತೆಂಗಿನಕಾಯಿ ಉಂಟಾ?"

"ಒಂದೂ ಇಲ್ಲ ಅತ್ತೆ."

"ಇರ್ಲಿಕ್ಕಿಲ್ಲ ಅಂತ ನಾನು ನಿನ್ನೆಯೇ ತೆಗೆದಿಟ್ಟಿದ್ದೇನೆ," ಎಂದು ಸ್ವರ್ಣಲತಾ ಫೋನಿಟ್ಟರು.